ಎರಡು ಮಿಲಿಮೀಟರ್ ಇಟ್ಟಿಗೆ ಪುಡಿ

ಟೆನಿಸ್ ಅಂಕಣದಲ್ಲಿ ರಫೆಲ್ ನಡಾಲ್ ಮತ್ತು ರೋಜರ್ ಫೆಡರರ್ ಒಟ್ಟು 40 ಸಲ ಮುಖಾಮುಖಿಯಾದರು. ನಡಾಲ್ 24 ಗೆದ್ದರು, ಫೆಡರರ್ 16. ಈ ಲೆಕ್ಕ ನೋಡಿದರೆ ನಡಾಲ್ ಅವರದ್ದೇ ಮೇಲುಗೈ. ಆದರೆ ಆವೆಮಣ್ಣಿನ ಅಂಕಣದಲ್ಲಿ ಆಡಿದ 16 ಪಂದ್ಯಗಳನ್ನು ಬದಿಗಿಟ್ಟು ಉಳಿದದ್ದನ್ನು ಎಣಿಸಿ ನೋಡಿ: ಫೆಡರರ್ 14, ನಡಾಲ್ 10. ಮಣ್ಣಿನ ಮೇಲೆ ಮಾತ್ರ ನಡಾಲ್ 14, ಫೆಡರರ್ ಬರೀ 2. ಆಟಗಾರರು ಅವರೇ, ರ‍್ಯಾಕೆಟ್ ಅವೇ. ಬದಲಾಗಿದ್ದು ಕಾಲಡಿಯ ನೆಲ.

ಪ್ರತಿ ವರ್ಷ ಏಪ್ರಿಲ್ ಬಂದು ಮಾಂಟೆಕಾರ್ಲೊ, ಮ್ಯಾಡ್ರಿಡ್, ರೋಮ್ ದಾಟಿ ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್ ಕಡೆಗೆ ಟೆನಿಸ್ ಹೊರಟಾಗ ಈ ಸಲ ಯಾರು ಎಂಬ ಚರ್ಚೆ ಶುರುವಾಗುತ್ತದೆ. ಯಾರ ಲಯ ಹೇಗಿದೆ, ಯಾರಿಗೆ ಗಾಯ, ಯಾರ ಕೋಚ್ ಬದಲಾದರು ಎಂದೆಲ್ಲ ಮಾತಾಡುತ್ತೇವೆ. ನನಗೆ ಮಾತ್ರ ಮೊದಲು ನೆಲದ ಬಗ್ಗೆ ಮಾತಾಡಬೇಕು ಅನ್ನಿಸುತ್ತದೆ.

ಪ್ಯಾರಿಸ್ಸಿನ ರೋಲಂಡ್ ಗ್ಯಾರೋಸ್ ಅಂಕಣದ ಆ ಚಂದದ ಕೆಂಪು ನಿಜಕ್ಕೂ ಮಣ್ಣಿನದಲ್ಲ. ಅದು ಇಟ್ಟಿಗೆಯ ನುಣುಪಾದ ಪುಡಿ, ಅದೂ ಒಂದೆರಡು ಮಿಲಿಮೀಟರ್ ದಪ್ಪ ಮಾತ್ರ. ಕೆರೆದರೆ ಕೆಳಗೆ ಬಿಳಿ ಸುಣ್ಣಕಲ್ಲಿನ ಪುಡಿಯ ಆರೇಳು ಸೆಂಟಿಮೀಟರ್ ಪದರ, ಅದರಡಿ ಸುಟ್ಟ ಕಲ್ಲಿದ್ದಲಿನ ಕಿಟ್ಟ, ಇನ್ನೂ ಕೆಳಗೆ ಜಲ್ಲಿ. ಸುಣ್ಣಕಲ್ಲಿನ ಪದರ ನೀರು ಹಿಡಿದಿಡುತ್ತದೆ, ಜಲ್ಲಿ ಹೆಚ್ಚಾದದ್ದನ್ನು ಬಸಿದುಬಿಡುತ್ತದೆ. ಹಾಗಾಗಿ ದಿನವಿಡೀ ನೀರು ಹಾಯಿಸಿ ಪೋಷಿಸಬೇಕಾದ ಅಂಕಣ ಅದು. ನಮ್ಮೂರ ಕ್ಲಬ್ಬಿನ ಮಣ್ಣಿನ ಅಂಕಣದಲ್ಲಿ ಆಡಿದ ಯಾರಿಗಾದರೂ ಇದು ಗೊತ್ತಿರುತ್ತದೆ: ಬೆಳಿಗ್ಗೆ ನೀರು ಚಿಮುಕಿಸಿ ರೋಲರ್ ಎಳೆದಾಗ ಚೆಂಡು ಬರುವ ರೀತಿಯೇ ಬೇರೆ, ಮಧ್ಯಾಹ್ನದ ಬಿಸಿಲಿಗೆ ಒಣಗಿ ಧೂಳೆದ್ದ ಮೇಲೆ ಬರುವ ರೀತಿಯೇ ಬೇರೆ.

ಈ ಪುಡಿ ಚೆಂಡಿಗೆ ಮಾಡುವುದೇನು? ಚೆಂಡು ನೆಲ ತಾಕಿರುವುದು ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಎರಡು ಕೆಲಸ ಆಗುತ್ತದೆ. ಒಂದು, ಒರಟು ಪುಡಿಯ ಘರ್ಷಣೆ ಚೆಂಡಿನ ಮುನ್ನುಗ್ಗುವ ವೇಗವನ್ನು ಕಡಿಮೆ ಮಾಡುತ್ತದೆ. ಎರಡು, ಪುಡಿಯ ಕೆಳಗಿನ ಗಟ್ಟಿ ನೆಲ ಚೆಂಡನ್ನು ಚೆನ್ನಾಗಿ ಮೇಲಕ್ಕೆ ಪುಟಿಸುತ್ತದೆ. ಹುಲ್ಲಿನ ಅಂಕಣದಲ್ಲಿ ಎರಡೂ ತಿರುವುಮುರುವು: ಜಾರಿಕೆ ಹೆಚ್ಚು, ಪುಟಿತ ಕಡಿಮೆ.

ಒಂದು ಚಿಕ್ಕ ಲೆಕ್ಕ ಹಾಕೋಣ. ಅಂಕಣದ ವೇಗ ಅಳೆಯಲು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಚೆಂಡನ್ನು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ, 16 ಡಿಗ್ರಿ ಓರೆಯಲ್ಲಿ ನೆಲಕ್ಕೆ ಹೊಡೆಯುತ್ತದೆ. ಅದೇ ಚೆಂಡನ್ನು ತೆಗೆದುಕೊಳ್ಳಿ. ಘರ್ಷಣೆಯ ಗುಣಾಂಕ ಮಣ್ಣಿಗೆ 0.7, ಹುಲ್ಲಿಗೆ 0.6 ಎಂದಿಟ್ಟುಕೊಳ್ಳೋಣ, ಪುಟಿಯುವ ಗುಣಾಂಕ 0.85 ಮತ್ತು 0.75. ಪುಟಿದ ಮೇಲೆ ಮುಂದಕ್ಕೆ ಸಾಗುವ ವೇಗ ಹುಲ್ಲಿನಲ್ಲಿ ಗಂಟೆಗೆ ಸುಮಾರು 73 ಕಿ.ಮೀ., ಮಣ್ಣಿನಲ್ಲಿ 65. ಇಷ್ಟೇನಾ ಅನ್ನಿಸಬಹುದು. ಆದರೆ ಪುಟಿದಲ್ಲಿಂದ ಏಳು ಮೀಟರ್ ಹಿಂದೆ ನಿಂತ ಎದುರಾಳಿಯ ಹತ್ತಿರ ಹೋಗಿ ನೋಡಿ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಮಣ್ಣಿನ ಚೆಂಡು ಅವರನ್ನು ಮುಟ್ಟುವುದು ಸೆಕೆಂಡಿನ ನೂರನೇ ನಾಲ್ಕು ಭಾಗ ತಡವಾಗಿ, ಮತ್ತು ಹುಲ್ಲಿನ ಚೆಂಡಿಗಿಂತ ಸುಮಾರು 40 ಸೆಂಟಿಮೀಟರ್ ಹೆಚ್ಚು ಎತ್ತರದಲ್ಲಿ. ಅಷ್ಟು ಹೊತ್ತಿನಲ್ಲಿ ಓಡುತ್ತಿರುವ ಆಟಗಾರ ಇನ್ನೊಂದು ಗೇಣು ಮುಂದೆ ಹೋಗಿರುತ್ತಾನೆ. ಹುಲ್ಲಿನಲ್ಲಿ ಕೈಗೆ ಸಿಗದ ಚೆಂಡು ಮಣ್ಣಿನಲ್ಲಿ ಸಿಗುವುದು ಈ ಒಂದು ಗೇಣಿನಿಂದ. ವಿಂಬಲ್ಡನ್ ಏಳು ಸಲ ಗೆದ್ದ ಪೀಟ್ ಸಾಂಪ್ರಾಸ್ ಪ್ಯಾರಿಸ್ಸಿನಲ್ಲಿ ಒಮ್ಮೆಯೂ ಫೈನಲ್ ತಲುಪಲಿಲ್ಲ. ಅವರ ಸರ್ವ್ ಎಂಬ ಅಸ್ತ್ರದ ಮೊನೆಯನ್ನು ಮಂದ ಮಾಡಿದ್ದು ಇದೇ ಪುಡಿ.

ಈಗ ನಡಾಲ್ ಅವರ ಫೋರ್‌ಹ್ಯಾಂಡಿಗೆ ಬರೋಣ. ಟೆನಿಸ್ ಹೊಡೆತಗಳನ್ನು ವಿಡಿಯೊದಲ್ಲಿ ಅಧ್ಯಯನ ಮಾಡುವ ಜಾನ್ ಯಾಂಡೆಲ್ ಹೈಸ್ಪೀಡ್ ಕ್ಯಾಮೆರಾ ಇಟ್ಟು ಚೆಂಡಿನ ಸುತ್ತುಗಳನ್ನು ಎಣಿಸಿದ್ದರು. ಸಾಂಪ್ರಾಸ್, ಅಗಾಸಿ ಹೊಡೆದ ಚೆಂಡು ನಿಮಿಷಕ್ಕೆ ಸರಾಸರಿ 1,800ರಿಂದ 1,900 ಸುತ್ತು, ಫೆಡರರ್ ಅವರದ್ದು 2,700ರ ಆಸುಪಾಸು, ನಡಾಲ್ ಅವರದ್ದು 3,200. ಕೆಲವು ಹೊಡೆತಗಳಲ್ಲಿ 4,900. ಅಂದರೆ ಆ ಕಡೆಯ ಬೇಸ್‌ಲೈನಿನಿಂದ ಈ ಕಡೆ ಬರುವಷ್ಟರಲ್ಲಿ ಚೆಂಡು ಹತ್ತಿರಹತ್ತಿರ ಐವತ್ತು ಸಲ ತಿರುಗಿರುತ್ತದೆ. ಹೀಗೆ ಮುಂದಕ್ಕೆ ಉರುಳುವಂತೆ ತಿರುಗುವುದೇ ಟಾಪ್‌ಸ್ಪಿನ್. ಅಂಥ ಚೆಂಡು ತನ್ನ ಬೆನ್ನ ಹಿಂದಿನ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ. ಟಾಪ್‌ಸ್ಪಿನ್ ಇದ್ದರೆ ಚೆಂಡು ಎತ್ತರಕ್ಕೆ ಏಳುತ್ತದೆ ಎನ್ನುತ್ತೇವಲ್ಲ, ಅದರ ಗುಟ್ಟು ಇರುವುದು ಇಳಿಯುವ ರೀತಿಯಲ್ಲಿ. ನೆಟ್ಟಿನ ಮೇಲೆ ಎತ್ತರದಲ್ಲಿ ಹೋದ ಚೆಂಡು ಗಾಳಿಯ ಒತ್ತಿಗೆ ಕಡಿದಾಗಿ ನೆಲಕ್ಕೆ ಬೀಳುತ್ತದೆ. ಕಡಿದಾಗಿ ಬಿದ್ದದ್ದು ಕಡಿದಾಗಿಯೇ ಏಳುತ್ತದೆ. ಮಣ್ಣು ಆ ಪುಟಿತಕ್ಕೆ ಇನ್ನಷ್ಟು ಕೈಜೋಡಿಸುತ್ತದೆ.

ಎಡಗೈ ನಡಾಲ್ ಅಡ್ಡಲಾಗಿ ಹೊಡೆದ ಆ ಚೆಂಡು ಹೋಗಿ ತಲುಪುತ್ತಿದ್ದದ್ದು ಬಲಗೈ ಫೆಡರರ್ ಅವರ ಒಂಟಿಗೈ ಬ್ಯಾಕ್‌ಹ್ಯಾಂಡಿಗೆ, ಅದೂ ಭುಜಕ್ಕಿಂತ ಮೇಲೆ. ಮನೆಯಲ್ಲೇ ಒಮ್ಮೆ ಮಾಡಿ ನೋಡಿ. ಒಂದು ತುಂಬಿದ ಚೊಂಬನ್ನು ಸೊಂಟದ ಎತ್ತರದಲ್ಲಿ ಹೊರಗೆ ಬೀಸುವುದು ಸಲೀಸು. ಅದನ್ನೇ ಕಿವಿಯ ಎತ್ತರದಲ್ಲಿ, ಅಂಗೈ ಹಿಂಭಾಗ ಮುಂದಾಗಿ ಬೀಸಲು ಹೋದರೆ ಭುಜ ಸೋತುಬಿಡುತ್ತದೆ. ಫೆಡರರ್ ಅವರಂಥ ಕಲಾವಿದನನ್ನು ಗಂಟೆಗಟ್ಟಲೆ ಈ ಇಕ್ಕಟ್ಟಿಗೆ ಸಿಕ್ಕಿಸಿದ್ದನ್ನು ನೋಡುತ್ತ ನನಗೆ ಎಷ್ಟೋ ಸಲ ಸಂಕಟವಾಗಿದೆ.

ಮಣ್ಣಿನ ಮೇಲೆ ಫೆಡರರ್ ಪಡೆದ ಆ ಎರಡು ಗೆಲುವುಗಳ ಕಥೆಯೂ ಹೇಳಬೇಕು. ಮೊದಲನೆಯದು 2007ರ ಮೇ ತಿಂಗಳಲ್ಲಿ ಹ್ಯಾಂಬರ್ಗಿನಲ್ಲಿ. ಮಣ್ಣಿನ ಮೇಲೆ ಸತತ 81 ಪಂದ್ಯ ಗೆದ್ದಿದ್ದ ನಡಾಲ್ ಅಲ್ಲಿ 6-2, 2-6, 0-6ರಿಂದ ಸೋತರು. ಮೂರು ವಾರದ ನಂತರ ಪ್ಯಾರಿಸ್ ಫೈನಲ್ಲಿನಲ್ಲಿ ಅದೇ ಫೆಡರರ್ ಅವರನ್ನು ನಾಲ್ಕು ಸೆಟ್ಟುಗಳಲ್ಲಿ ಸೋಲಿಸಿದರು. ಎರಡನೆಯದು 2009ರ ಮ್ಯಾಡ್ರಿಡ್. ಹಿಂದಿನ ದಿನ ಜೊಕೊವಿಚ್ ವಿರುದ್ಧ ನಾಲ್ಕು ಗಂಟೆ ಆಡಿ ನಡಾಲ್ ದಣಿದಿದ್ದರು ನಿಜ. ಜೊತೆಗೆ ಮ್ಯಾಡ್ರಿಡ್ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಶೇ 6ರಷ್ಟು ಕಡಿಮೆ. ತಡೆ ಕಡಿಮೆಯಾದ ಚೆಂಡು ಬೇಗ ಬರುತ್ತದೆ, ಕೆಳಕ್ಕೆ ಒತ್ತುವ ಗಾಳಿಯೂ ಕಡಿಮೆಯಾದ್ದರಿಂದ ಟಾಪ್‌ಸ್ಪಿನ್ ಚೆಂಡು ಅಷ್ಟು ಬಾಗುವುದಿಲ್ಲ. 900 ಮೀಟರಿಗಿಂತ ಮೇಲಿರುವ ಬೆಂಗಳೂರಿನಲ್ಲಿ ಆಡಿ ಬೆಳೆದವರು ಚೆನ್ನೈಗೋ ಮುಂಬೈಗೋ ಹೋದಾಗ ಚೆಂಡು ಯಾಕೋ ಭಾರ ಅನ್ನುವುದು ಇದೇ ಕಾರಣಕ್ಕೆ. ಆದ್ದರಿಂದ ಮ್ಯಾಡ್ರಿಡ್ ಗೆದ್ದವರೇ ಪ್ಯಾರಿಸ್ ಗೆಲ್ಲುತ್ತಾರೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ರೋಮ್ ಹೆಚ್ಚು ಹತ್ತಿರದ ಸುಳಿವು.

ಹವಾಮಾನವೂ ಹೀಗೆಯೇ. ಬಿಸಿಲಿದ್ದರೆ ಚೆಂಡಿನೊಳಗಿನ ಗಾಳಿಯ ಒತ್ತಡ ಏರಿ ಪುಟಿತ ಹೆಚ್ಚುತ್ತದೆ. ಚಳಿ, ತೇವ ಇದ್ದರೆ ಚೆಂಡಿನ ಮೇಲಿನ ನಯವಾದ ಎಳೆಗಳು ಒದ್ದೆ ಪುಡಿಯನ್ನು ಅಂಟಿಸಿಕೊಂಡು ಚೆಂಡು ತೂಕ ಹಿಡಿಯುತ್ತದೆ. ಆದರೆ ಭೌತಶಾಸ್ತ್ರ ಅರ್ಧ ಮಾತ್ರ ಹೇಳುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಕೋವಿಡ್ ಕಾರಣ 2020ರ ಫ್ರೆಂಚ್ ಓಪನ್ ಮುಗಿದದ್ದು ಅಕ್ಟೋಬರ್ ಚಳಿಯಲ್ಲಿ. ಫೈನಲ್ ದಿನ ಚಾವಣಿಯೂ ಮುಚ್ಚಿತ್ತು. ನಡಾಲ್ ಅವರ ಚೆಂಡು ಏಳುವುದಿಲ್ಲ, ಈ ಸಲ ಜೊಕೊವಿಚ್ ಎಂದು ಬಹಳ ಜನ ಅಂದುಕೊಂಡಿದ್ದರು. ನಡಾಲ್ ಗೆದ್ದದ್ದು 6-0, 6-2, 7-5ರಿಂದ.

ಆ ಪೀಳಿಗೆ ಮುಗಿದು ಈಗ ಕಾರ್ಲೊಸ್ ಅಲ್ಕರಾಜ್ ಮತ್ತು ಯಾನಿಕ್ ಸಿನ್ನರ್ ಕಾಲ. ಇವರಿಬ್ಬರ ಪೈಪೋಟಿಯಲ್ಲಿ ನಡಾಲ್–ಫೆಡರರ್ ಅವರಷ್ಟು ಏಕಪಕ್ಷೀಯ ಮಣ್ಣಿನ ಲೆಕ್ಕ ಇಲ್ಲ. ಸಿನ್ನರ್ ಬ್ಯಾಕ್‌ಹ್ಯಾಂಡ್ ಎರಡೂ ಕೈಯದ್ದು, ಆಳು 1.9 ಮೀಟರ್ ಎತ್ತರ. ಎದ್ದ ಚೆಂಡು ಅವರಿಗೆ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇಟಲಿಯ ಆಲ್ಪ್ಸ್ ಬೆಟ್ಟಗಳಲ್ಲಿ ಸ್ಕೀ ಮಾಡಿ ಬೆಳೆದವರು. ಮಣ್ಣಿನಲ್ಲಿ ಜಾರುವುದೂ ಒಂದು ವಿದ್ಯೆ: ಚೆಂಡು ಸಿಗುವ ಮೊದಲೇ ಜಾರಲು ಶುರು ಮಾಡಬೇಕು, ಹೊಡೆತದ ಹೊತ್ತಿಗೆ ಸರಿಯಾಗಿ ನಿಲ್ಲಬೇಕು. ತಡವಾಗಿ ಜಾರಿದವರು ಚೆಂಡನ್ನು ದಾಟಿ ಹೋಗಿ, ಮರಳಿ ಬರಲು ಎರಡು ಹೆಜ್ಜೆ ಕಳೆದುಕೊಳ್ಳುತ್ತಾರೆ. ಸಿನ್ನರ್ ಕಳೆದುಕೊಳ್ಳುವುದಿಲ್ಲ.

2025ರ ಜೂನ್ 8ರಂದು ಪ್ಯಾರಿಸ್ ಫೈನಲ್ಲಿನಲ್ಲಿ ಇವರು 5 ಗಂಟೆ 29 ನಿಮಿಷ ಆಡಿದರು, ಆ ಟೂರ್ನಿಯ ಇತಿಹಾಸದಲ್ಲೇ ಅತಿ ದೀರ್ಘ ಫೈನಲ್. ನಾಲ್ಕನೇ ಸೆಟ್ಟಿನಲ್ಲಿ ಅಲ್ಕರಾಜ್ 3-5, 0-40ರಿಂದ ಹಿಂದಿದ್ದರು. ಸಿನ್ನರ್ ಕೈಯಲ್ಲಿ ಮೂರು ಚಾಂಪಿಯನ್‌ಷಿಪ್ ಪಾಯಿಂಟ್. ಮೂರನ್ನೂ ಉಳಿಸಿಕೊಂಡ ಅಲ್ಕರಾಜ್ ಕೊನೆಗೆ ಐದನೇ ಸೆಟ್ಟಿನ ಟೈಬ್ರೇಕನ್ನು 10-2ರಿಂದ ಗೆದ್ದರು. ಒಟ್ಟು ಪಾಯಿಂಟ್ ಎಣಿಸಿದರೆ ಸಿನ್ನರ್ 193, ಅಲ್ಕರಾಜ್ 192! 35 ದಿನಗಳ ನಂತರ ವಿಂಬಲ್ಡನ್ ಹುಲ್ಲಿನ ಮೇಲೆ ಅದೇ ಇಬ್ಬರು ಎದುರಾದಾಗ ಸಿನ್ನರ್ ನಾಲ್ಕು ಸೆಟ್ಟುಗಳಲ್ಲಿ ಗೆದ್ದರು.

ಇವರಿಬ್ಬರು ಮಣ್ಣಿನ ಮೇಲೆ ಎದುರಾದಾಗಲೆಲ್ಲ ನಾನು ಮೊದಲು ನೋಡುವುದು ಸಿನ್ನರ್ ಅವರ ಪಾದಗಳನ್ನು. ಬೇಸ್‌ಲೈನಿನ ಮೇಲೇ ನಿಂತು ಚೆಂಡು ಏರುತ್ತಿರುವಾಗಲೇ ಹೊಡೆಯುತ್ತಿದ್ದರೆ ಮಣ್ಣು ಕೊಡುವ ಎತ್ತರ ಅಲ್ಕರಾಜ್ ಅವರ ಉಪಯೋಗಕ್ಕೆ ಬರುವುದೇ ಇಲ್ಲ. ಚೆಂಡಿನ ಪುಟಿತಕ್ಕೆ ಹೆದರಿ ಎರಡು ಮೀಟರ್ ಹಿಂದೆ ಸರಿದರೋ, ಅಲ್ಕರಾಜ್ ರ‍್ಯಾಕೆಟ್ ಕೊನೆ ಗಳಿಗೆಯಲ್ಲಿ ಹಿಡಿತ ಬದಲಿಸಿ ಚೆಂಡಿನ ಅಡಿಯನ್ನು ಸವರುತ್ತದೆ. ನೆಟ್ಟಿನಾಚೆ ಮೆಲ್ಲಗೆ ಇಳಿದ ಚೆಂಡು ಹಿಂದಕ್ಕೆ ತಿರುಗುತ್ತ ಇಟ್ಟಿಗೆ ಪುಡಿಯನ್ನು ಕಚ್ಚುತ್ತದೆ, ಅಲ್ಲೇ ಒಂದು ಮೊಳ ಎದ್ದು, ಮುಂದೆ ಬರದೆ ಸಾಯುತ್ತದೆ. ಸಿನ್ನರ್ ಇನ್ನೂ ಓಡುತ್ತಲೇ ಇರುತ್ತಾರೆ.