ವಾರಗಳ ಲೆಕ್ಕ ಎಲ್ಲಿಂದ ಶುರು?

ಪಾವಗಡದ ಕಡೆಯ ಹೆಣ್ಣುಮಗಳೊಬ್ಬಳಿಗೆ ತಿಂಗಳು ನಿಂತಿದೆ ಅಂದುಕೊಳ್ಳಿ. ಹತ್ತು ದಿನ ಕಾದು ಪರೀಕ್ಷೆ ಮಾಡುತ್ತಾಳೆ. ಎರಡು ಗೆರೆ. ಅವಳ ಲೆಕ್ಕದಲ್ಲಿ ಹತ್ತೇ ದಿನ. ಡಾಕ್ಟರ ಲೆಕ್ಕದಲ್ಲಿ ಆಗಲೇ ಐದೂವರೆ ವಾರ! ಅವರು ಎಣಿಸುವುದು ಹಿಂದಿನ ಮುಟ್ಟಿನ ಮೊದಲ ದಿನದಿಂದ. ಬಸಿರು ಕಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ. ಬಸಿರೇ ಇಲ್ಲದ ಆ ಎರಡು ವಾರವೂ ಲೆಕ್ಕಕ್ಕೆ ಸೇರುತ್ತದೆ.

ಮಾತ್ರೆಯಿಂದ ಗರ್ಭಪಾತ ಮಾಡಿಸಲು ನಮ್ಮಲ್ಲಿ ಒಂಬತ್ತು ವಾರದವರೆಗೆ ಅವಕಾಶ. ಅವಳಿಗೆ ಉಳಿದದ್ದು ಮೂರೂವರೆ ವಾರ. ಅಷ್ಟರಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು, ಕೂಲಿ ಬಿಡಬೇಕು, ಊರ ಹತ್ತಿರ ಆಗದಿದ್ದರೆ ನೂರು ಕಿಲೋಮೀಟರಿನಷ್ಟು ದೂರದ ತುಮಕೂರಿಗೆ ಬಸ್ಸು ಹತ್ತಬೇಕು.

ಈ ಮಾತ್ರೆ ಮಾಡುವುದೇನು? ಬಸಿರು ನಿಲ್ಲಲು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬೇಕು. ಗರ್ಭಕೋಶದ ಒಳಪದರವನ್ನು ಕಾಪಾಡುವುದು ಅದೇ. ಮೊದಲು ಕೊಡುವ ಮಿಫೆಪ್ರಿಸ್ಟೋನ್, 200 ಮಿಲಿಗ್ರಾಂ, ಆ ಹಾರ್ಮೋನು ಕೂರಬೇಕಾದ ಜಾಗವನ್ನು ಹಿಡಿದುಬಿಡುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ತಾನೂ ಆ ಕೆಲಸ ಮಾಡುವುದಿಲ್ಲ, ಪ್ರೊಜೆಸ್ಟರಾನಿಗೂ ಬಿಡುವುದಿಲ್ಲ. ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್. ಇದು ಗರ್ಭಕೋಶ ಹಿಂಡಿಕೊಳ್ಳುವಂತೆ ಮಾಡುತ್ತದೆ. ಹೊಟ್ಟೆ ಹುಣ್ಣಿಗೆಂದು ಬಂದ ಔಷಧ ಇದು. ಹೆರಿಗೆಯ ನಂತರ ರಕ್ತ ಜಾಸ್ತಿ ಹೋಗುವುದನ್ನು ತಡೆಯಲೂ ಬಳಸುತ್ತಾರೆ. ಸರಿಯಾಗಿ ತೆಗೆದುಕೊಂಡರೆ ನೂರರಲ್ಲಿ ತೊಂಬತ್ತೈದಕ್ಕೂ ಜಾಸ್ತಿ ಜನರಿಗೆ ಇಷ್ಟೇ ಸಾಕು. ಆದರೆ ಬಸಿರು ಗರ್ಭನಾಳದಲ್ಲಿ ಕಟ್ಟಿದ್ದರೆ ಈ ಮಾತ್ರೆಯಿಂದ ಪ್ರಯೋಜನವಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲು ಡಾಕ್ಟರಿಗೆ ತೋರಿಸಬೇಕು. ಸುಮ್ನೆ ಅಂಗಡಿಯಿಂದ ತಂದು ನುಂಗುವುದಲ್ಲ.

ಡಾಕ್ಟರ ಹತ್ತಿರ ಹೋದರೂ ಎಷ್ಟೋ ಕಡೆ ಮೊದಲ ಮಾತು, "ಯಜಮಾನ್ರನ್ನ ಕರ್ಕೊಂಡು ಬನ್ನಿ." ಗಂಡನ ಸಹಿ ಬೇಕೆಂದು ಕಾನೂನು ಹೇಳಿಲ್ಲ. 1971ರ ಗರ್ಭಪಾತ ಕಾಯ್ದೆ ಪ್ರಕಾರ ಹದಿನೆಂಟು ತುಂಬಿದವಳ ಒಪ್ಪಿಗೆ ಒಂದೇ ಸಾಕು. 2021ರ ತಿದ್ದುಪಡಿ ಆಕೆಯ ಹೆಸರು ಗುಟ್ಟಾಗಿರಬೇಕು ಅನ್ನುತ್ತದೆ. ಮದುವೆ ಆಗಿದೆಯೋ ಇಲ್ಲವೋ ಎಂಬ ಭೇದ ಸಲ್ಲದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಹತ್ತಿರ ಹತ್ತಿರ ಐವತ್ತು ವರ್ಷದಿಂದ ಇದ್ದ ಗರ್ಭಪಾತದ ಹಕ್ಕನ್ನು ಕಿತ್ತುಹಾಕಿತ್ತು.

ಇನ್ನೊಂದು ಗೋಜಲಿದೆ. ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ನಡೆಯುತ್ತಿದ್ದದ್ದು 2023ರಲ್ಲಿ ಬಯಲಾಯಿತಲ್ಲ? ಅದು ಘೋರ ಅಪರಾಧ, ಅನುಮಾನವೇ ಬೇಡ. ಅದನ್ನು ತಡೆಯಲು 1994ರ ಬೇರೆಯೇ ಕಾನೂನಿದೆ. ಆದರೆ ಆ ಭಯಕ್ಕೆ ಚೀಟಿ ತಂದವರಿಗೂ ಮಾತ್ರೆ ಕೊಡಲು ಮೆಡಿಕಲ್ ಶಾಪಿನವರು ಹಿಂಜರಿಯುತ್ತಾರೆ. ಒಂಬತ್ತು ವಾರದೊಳಗೆ ಹೆಣ್ಣು ಗಂಡಿನ ಅಂಗ ಒಂದೇ ಥರ ಇರುತ್ತದೆ, ಸ್ಕ್ಯಾನಿಂಗಿನಲ್ಲಿ ಏನೂ ಗೊತ್ತಾಗುವುದಿಲ್ಲ. ಆರನೇ ವಾರಕ್ಕೆ ಬಂದವಳನ್ನು ಅಲೆದಾಡಿಸಿದರೆ ಅವಳು ಹದಿನಾಲ್ಕನೇ ವಾರಕ್ಕೆ ಬರುತ್ತಾಳೆ. ಸ್ಕ್ಯಾನಿಂಗಿನಲ್ಲಿ ಲಿಂಗ ಕಾಣತೊಡಗುವುದು ಆ ಹೊತ್ತಿಗೇ.