ಫೈಬ್ರೋಸಿಸ್ ಅಂದ್ರೆ ಗಡ್ಡೆ ಅಲ್ಲ, ನಾರುಗಟ್ಟೋದು

ಮೊನ್ನೆ ಮತ್ತೆ ಅದೇ ಆಯ್ತು. ಗುಬ್ಬಿ ಹತ್ರದ ನಮ್ಮೂರಲ್ಲಿ, ಕ್ಯಾನ್ಸರಿಗೆ ಅಂತ ಕತ್ತಿಗೆ ರೇಡಿಯೇಷನ್ ಕೊಡಿಸ್ಕೊಂಡಿರೋ ದೊಡ್ಡಪ್ಪನ್ನ ನೋಡೋಕೆ ಬಂದಿದ್ದ ನೆಂಟರೊಬ್ರು ಜಗಲಿ ಮೇಲೆ ಕೂತು ಫೋನಲ್ಲಿ ಯಾರಿಗೋ "ಕತ್ತಲ್ಲಿ ಫೈಬ್ರಾಯ್ಡ್ ಆಗೈತಂತೆ, ಮತ್ತೆ ಗಡ್ಡೆ ಬಂತಲ್ಲಪ್ಪ" ಅಂತಿದ್ರು, ಒಳಗೆ ದೊಡ್ಡಮ್ಮ ಅದನ್ನ ಕೇಳಿಸ್ಕೊಂಡು ಕಾಫಿ ಲೋಟ ಹಿಡ್ಕೊಂಡು ಹಂಗೇ ನಿಂತ್ಬಿಟ್ರು. ರಿಪೋರ್ಟಲ್ಲಿ ಇದ್ದಿದ್ದು ಫೈಬ್ರೋಸಿಸ್ ಅಂತ. ಪದ ಸ್ವಲ್ಪ ಆಕಡೆ ಈಕಡೆ ಆದ್ರೆ ಏನೀಗ ಅನ್ನೋರು ಆಗ ದೊಡ್ಡಮ್ಮನ ಮುಖ ನೋಡ್ಬೇಕಿತ್ತು.

ಎರಡು ಪದಕ್ಕೂ ಬೇರು ಒಂದೇ, ಲ್ಯಾಟಿನ್ನಿನ ಫೈಬ್ರಾ, ಅಂದ್ರೆ ನಾರು, ಎಳೆ. ಬೇರೆಯಾಗೋದು ಬಾಲದಲ್ಲಿ. ಆಯ್ಡ್ ಅನ್ನೋದು ಗ್ರೀಕಿಂದ ಬಂದಿದ್ದು, 'ಅದರ ಥರದ್ದು' ಅಂತ ಅರ್ಥ, ಹಾಗಾಗಿ ಫೈಬ್ರಾಯ್ಡ್ ಒಂದು ವಸ್ತು, ಹೆಂಗಸರ ಗರ್ಭಕೋಶದಲ್ಲಿ ಬೆಳೆಯೋ ಗಡ್ಡೆ, ಅದೂ ಕ್ಯಾನ್ಸರ್ ಅಲ್ಲದ ಗಡ್ಡೆ, ದೊಡ್ಡಪ್ಪನ ಕತ್ತಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಓಸಿಸ್ ಕೂಡ ಗ್ರೀಕೇ, ಆದ್ರೆ ಅದು ವಸ್ತುವಿನ ಹೆಸರಲ್ಲ, ಆಗ್ತಾ ಇರೋದರ ಹೆಸರು. ಇದಕ್ಕೆ ಕನ್ನಡದಲ್ಲಿ ಹೊಸ ಪದ ಕಟ್ಟೋ ಕಷ್ಟನೂ ಬೇಡ, ನಾರುಗಟ್ಟೋದು ಅಂತ ದಿನಾ ಅಡುಗೆಮನೇಲಿ ಅಂತಾನೇ ಇರ್ತೀವಿ. ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡೋದು ಯಾಕೆ ಮತ್ತೆ? ತುಮಕೂರು ಸೀಮೆಯೋರಿಗಂತೂ ತೆಂಗಿನಕಾಯಿ ಸಾಕು. ಎಳನೀರಿನ ಮಟ್ಟೆಗೆ ಮಚ್ಚು ಸಲೀಸಾಗಿ ಇಳಿಯುತ್ತೆ, ಅದೇ ಕಾಯಿ ಬಲಿತ ಮೇಲೆ ಸುಲಿಯೋಕೆ ನೆಲಕ್ಕೆ ಹಾರೆ ನೆಡ್ಬೇಕು. ಹೊರಗಡೆಯಿಂದ ಏನೂ ಬಂದು ಸೇರ್ಕೊಂಡಿಲ್ಲ, ಇದ್ದ ಮಟ್ಟೆನೇ ನಾರಾಯ್ತು.

ಕತ್ತಲ್ಲೂ ಆಗೋದು ಇಷ್ಟೇ. ನಮ್ಮ ಕಡೆ ಕರೆಂಟ್ ಕೊಡೋದು ಅಂತಾರಲ್ಲ, ಆ ರೇಡಿಯೇಷನ್ನನ್ನ ಬಾಯಿ, ಗಂಟಲು ಕ್ಯಾನ್ಸರಿಗೆ ಸಾಮಾನ್ಯವಾಗಿ 6ರಿಂದ 7 ವಾರ, 30ರಿಂದ 35 ಸಿಟ್ಟಿಂಗಲ್ಲಿ, ಒಟ್ಟು 60ರಿಂದ 70 ಗ್ರೇ (ರೇಡಿಯೇಷನ್ ಅಳೆಯೋ ಮಾನ) ಕೊಡ್ತಾರೆ. ಕ್ಯಾನ್ಸರ್ ಕೋಶ ಸಾಯೋ ಹೊತ್ತಿಗೆ ಪಕ್ಕದ ಒಳ್ಳೆ ಜಾಗಕ್ಕೂ ಪೆಟ್ಟು ಬೀಳುತ್ತೆ, ಅದನ್ನ ರಿಪೇರಿ ಮಾಡೋಕೆ ಫೈಬ್ರೋಬ್ಲಾಸ್ಟ್ ಅನ್ನೋ ಕೋಶಗಳು ಕೊಲಾಜೆನ್ ಅನ್ನೋ ನಾರು ಹೆಣೆಯೋಕೆ ಶುರು ಮಾಡ್ತವೆ. ಮಾಮೂಲಿ ಗಾಯದಲ್ಲಿ ವಾಸಿಯಾದ ಮೇಲೆ ಹೆಣೆಯೋದು ನಿಲ್ಲುತ್ತೆ, ಇಲ್ಲಿ ನಿಲ್ಲಿಸು ಅನ್ನೋ ಸೂಚನೆ ಸರಿಯಾಗಿ ಸಿಗಲ್ಲ, ಟಿಜಿಎಫ್ ಬೀಟಾ ಅನ್ನೋ ಪ್ರೋಟೀನು ಹೆಣೀರಿ ಹೆಣೀರಿ ಅಂತ ಹೇಳ್ತಾನೇ ಇರುತ್ತೆ. ಅದಕ್ಕೇ ಟ್ರೀಟ್‌ಮೆಂಟ್ ಮುಗಿದು ಎಲ್ಲಾ ಸರಿಹೋಯ್ತು ಅಂದ್ಕೊಂಡ ಎಷ್ಟೋ ತಿಂಗಳಿಗೆ, ಕೆಲವರಿಗೆ ವರ್ಷಗಳಾದ ಮೇಲೆ, ಕತ್ತು ಬಿಗಿಯೋಕೆ ಶುರುವಾಗುತ್ತೆ. "ಫೈಬ್ರೋಸಿಸ್ ಆಗಿದೆ" ಅನ್ನೋದಕ್ಕಿಂತ "ಆಗ್ತಾ ಇದೆ" ಅನ್ನೋದೇ ಸರಿ ಅಂತ ನಾನು ಹಠ ಮಾಡೋದು ಇದಕ್ಕೇ, ಆಗೋಗಿದೆ ಅಂದ್ರೆ ಜನ ಕೈಕಟ್ಟಿ ಕೂತ್ಬಿಡ್ತಾರೆ.

ದೊಡ್ಡಪ್ಪನಿಗೆ ಮೊದಲು ಗೊತ್ತಾಗಿದ್ದು ತೋಟದಲ್ಲಿ, ಮರದಲ್ಲಿ ಕಾಯಿ ಎಷ್ಟಿದೆ ಅಂತ ತಲೆ ಎತ್ತಿ ನೋಡೋಕೆ ಆಗ್ಲಿಲ್ಲ, ಸೊಂಟದಿಂದ ಹಿಂದಕ್ಕೆ ಬಾಗಿ ನೋಡಿದ್ರು. ಆಮೇಲೆ ಚೊಂಬು ಎತ್ತಿ ನೀರು ಕುಡಿಯೋದು ನಿಂತೋಯ್ತು. ಗದ್ದದ ಕೆಳಗೆ ಮುಟ್ಟಿದ್ರೆ ಚರ್ಮ ಹಳೇ ಚಪ್ಪಲಿ ತೊಗಲಿನ ಥರ, ಎರಡು ಬೆರಳಲ್ಲಿ ಹಿಡಿದು ಎತ್ತೋಕೂ ಬರಲ್ಲ.

ಇನ್ನೊಂದು ಗೊಂದಲ. ಅಡಿಕೆ, ಗುಟ್ಕಾ ಹಾಕೋರಿಗೆ ಬಾಯಿ ತೆರೆಯೋಕೇ ಆಗದಂಗೆ ಆಗುತ್ತಲ್ಲ, ಸಬ್‌ಮ್ಯೂಕಸ್ ಫೈಬ್ರೋಸಿಸ್ಸು, ಅದೂ ನಾರುಗಟ್ಟೋದೇ, ಆದ್ರೆ ಅದು ಅಡಿಕೆಯಿಂದ ಬರೋದು, ಮುಂದೆ ಕ್ಯಾನ್ಸರ್ ಆಗಬಹುದು ಅನ್ನೋ ಎಚ್ಚರಿಕೆ. ದೊಡ್ಡಪ್ಪನ ಕತ್ತಿಂದು ಕ್ಯಾನ್ಸರಿಗೆ ಚಿಕಿತ್ಸೆ ಕೊಟ್ಟಿದ್ದರಿಂದ ಬಂದಿದ್ದು. ಒಂದು, ಊರಿಗೆ ಹೋಗೋ ದಾರಿ, ಇನ್ನೊಂದು, ಅದೇ ಊರಿಂದ ವಾಪಸ್ ಬರೋ ದಾರಿ, ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಪೇಷಂಟನ್ನ ಹೆದರಿಸ್ಬೇಡಿ. ನರ ಒಣಗಿದೆ, ಸ್ಪಾಂಡಿಲೈಟಿಸ್ಸು ಅಂತ ತಾವೇ ಹೆಸರಿಟ್ಟು ಅಂಗಡಿಯಿಂದ ಕಾಲರ್ ತಂದು ಕಟ್ಟೋರೂ ಇದ್ದಾರೆ, ಅಲ್ಲಾಡಿಸ್ಬೇಕಾದ ಕತ್ತನ್ನ ಕಟ್ಟಿಹಾಕಿದ್ರೆ ಇನ್ನೂ ಬಿಗಿಯುತ್ತೆ.

ಕಟ್ಟಿದ ನಾರನ್ನ ಪೂರ್ತಿ ಬಿಚ್ಚೋ ಔಷಧಿ ಇಲ್ಲ. ಇರೋ ಅಳ್ಳಕ ಉಳಿಸ್ಕೊಳ್ಳೋದು, ಆದಷ್ಟು ಹೆಚ್ಚಿಸ್ಕೊಳ್ಳೋದು, ಅದು ದಿನದ ಕೆಲಸ. ಫಿಸಿಯೋಥೆರಪಿಯವರು ಕಲಿಸಿದಂಗೆ ದೊಡ್ಡಪ್ಪ ಬೆಳಿಗ್ಗೆ ಹಾಲು ಕರೆಯೋಕೆ ಮುಂಚೆ ಕುರ್ಚಿ ಮೇಲೆ ಕೂತು ಕತ್ತನ್ನ ನಿಧಾನಕ್ಕೆ ಎಡಕ್ಕೆ ತಿರುಗಿಸಿ ಸ್ವಲ್ಪ ಹೊತ್ತು ಹಿಡಿದು, ಬಲಕ್ಕೆ, ಕೆಳಕ್ಕೆ, ಮೇಲಕ್ಕೆ, ಆಮೇಲೆ ಭುಜ, ರಾತ್ರಿ ಮಲಗೋ ಮುಂಚೆ ಮತ್ತೆ ಅಷ್ಟೂ. ದವಡೆನೂ ಬಿಗಿದು ಬಾಯಿ ತೆರೆಯೋದು ಕಮ್ಮಿ ಆಗದಿರಲಿ ಅಂತ ಐಸ್‌ಕ್ರೀಮ್ ಕಡ್ಡಿಯಂಥವನ್ನ ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಟ್ಕೋತಾರೆ, ವಾರಗಳು ಕಳೆದಂಗೆ ಒಂದೊಂದೇ ಕಡ್ಡಿ ಜಾಸ್ತಿ. ಗದ್ದದ ಕೆಳಗೆ ಬಾವು ಇದ್ರೆ ಅದನ್ನ ಇಳಿಸೋಕೆ ಬೇರೆ ಥರದ ಹಗುರ ಮಸಾಜ್ ಇದೆ, ಅದನ್ನ ಗೊತ್ತಿರೋರ ಹತ್ರನೇ ಕಲೀಬೇಕು. ಕೆಲವು ಡಾಕ್ಟರು ಪೆಂಟಾಕ್ಸಿಫಿಲಿನ್ ಅನ್ನೋ, ರಕ್ತ ಸಲೀಸಾಗಿ ಹರಿಯೋಕೆ ಕೊಡೋ ಮಾತ್ರೆ ಜೊತೆ ವಿಟಮಿನ್ ಇ ಕೊಡ್ತಾರೆ, ಕೆಲವರಿಗೆ ಅನುಕೂಲ ಆಗುತ್ತೆ, ಎಲ್ಲರಿಗೂ ಅಲ್ಲ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಂತೂ ಕೇಳದೆ ನುಂಗಬಾರದು. ಸ್ನಾಯು ಎಳೆದು ಹಿಡ್ಕೊಂಡು ನೋಯ್ತಿದ್ರೆ ಅದನ್ನ ಸಡಿಲ ಮಾಡೋ ಬೊಟಾಕ್ಸ್ ಇಂಜೆಕ್ಷನ್ನೂ ಇದೆ.

ನನಗೆ ನಿಜವಾಗ್ಲೂ ಭಯ ಇರೋದು ಕ್ಷೌರದಂಗಡಿದು. ತಲೆ ಮಸಾಜ್ ಮಾಡಿ ಕೊನೆಗೆ ಕತ್ತು ಲಟಕ್ ಅನ್ನಿಸ್ತಾರಲ್ಲ, ಅದನ್ನ ಇವರಿಗೆ ಮಾಡಿಸಲೇಬಾರದು, ರೇಡಿಯೇಷನ್ ಬಿದ್ದ ಕತ್ತಲ್ಲಿ ಮಿದುಳಿಗೆ ಹೋಗೋ ರಕ್ತನಾಳನೂ ಗಟ್ಟಿಯಾಗಿ ಕಿರಿದಾಗಿರಬಹುದು. ಬಿಸಿನೀರಿನ ಶಾಖನೂ ಅಷ್ಟೇ, ಆ ಜಾಗದಲ್ಲಿ ಸ್ಪರ್ಶ ಕಮ್ಮಿ ಆಗಿರಬಹುದು, ಆಗ ಸುಟ್ಟಿದ್ದು ಗೊತ್ತಾಗಲ್ಲ. ಥೈರಾಯ್ಡ್ ಗ್ರಂಥಿ ಕತ್ತಲ್ಲೇ ಇರೋದ್ರಿಂದ, ಅದು ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ನೋಡೋ ಟಿಎಸ್‌ಎಚ್ ಅನ್ನೋ ರಕ್ತಪರೀಕ್ಷೆನ 6ರಿಂದ 12 ತಿಂಗಳಿಗೊಮ್ಮೆ ತಪ್ಪಿಸಬಾರದು. ಇನ್ನು ಫೈಬ್ರೋಸಿಸ್ ಗಡ್ಡೆ ಅಲ್ಲ ಅಂದೆ ಅಂತ ನಿಜವಾದ ಗಡ್ಡೆ ಬಿಟ್ಬಿಡಬೇಡಿ, ಹೊಸ ಗಂಟು, ಮಾಯದ ಹುಣ್ಣು, ರಕ್ತ, ಹೊಸದಾಗಿ ಶುರುವಾದ ನೋವು, ನುಂಗೋದು ಇದ್ದಕ್ಕಿದ್ದಂಗೆ ಕಷ್ಟ ಆಗೋದು, ಇವಕ್ಕೆ ಮುಂದಿನ ಚೆಕಪ್ಪಿನ ತಾರೀಖು ಕಾಯ್ಬೇಡಿ. ಉಸಿರಾಟ ಕಷ್ಟ ಆದ್ರೆ ಆ ಕ್ಷಣವೇ ಹೊರಡಿ.

ದೊಡ್ಡಮ್ಮ ಈಗ ಆಸ್ಪತ್ರೆ ಫೈಲ್ ಮೇಲೆ ಸ್ಕೆಚ್ ಪೆನ್ನಲ್ಲಿ "ಕರೆಂಟ್ ಕೊಟ್ಟ ಕತ್ತು, ನಾರುಗಟ್ತಾ ಇದೆ, ಗಡ್ಡೆ ಅಲ್ಲ" ಅಂತ ಬರೆದಿಟ್ಟಿದ್ದಾರೆ. ಹಲ್ಲಿನ ಡಾಕ್ಟರ ಹತ್ರ ಹೋದ್ರೆ ಬಾಯಿ ತೆರೆಯೋ ಮುಂಚೆ ಆ ಫೈಲ್ ಮುಂದಿಡ್ತಾರೆ, ಯಾಕಂದ್ರೆ ರೇಡಿಯೇಷನ್ ಬಿದ್ದ ದವಡೇಲಿ ಗೊತ್ತಿಲ್ಲದೆ ಹಲ್ಲು ಕಿತ್ತರೆ ಮೂಳೆ ಮಾಯದೇ ಉಳಿಯಬಹುದು.