ಕನೆಕ್ಷನ್ ಲಿಮಿಟ್ ಏರಿಸಿ ಅನ್ನೋದಕ್ಕೆ ಮೊದಲು

ಚಿಕ್ಕಮಗಳೂರಿನ ಹೋಂಸ್ಟೇ ಮಾಲೀಕರಿಂದ ನನಗೆ ಜಾಸ್ತಿ ಫೋನ್ ಬರುವುದು ಶನಿವಾರ, ಭಾನುವಾರ. "ಸರ್, ಬುಕಿಂಗ್ ಸೈಟ್ ನಿಂತುಹೋಗಿದೆ. ಟೂ ಮೆನಿ ಕನೆಕ್ಷನ್ಸ್ ಅಂತ ಬರ್ತಿದೆ. ಆ ಲಿಮಿಟ್ ಒಂದು 500 ಮಾಡಿಕೊಡಿ." ಕನೆಕ್ಷನ್ ಅಂದರೆ ಸೈಟು ತನ್ನ ಡೇಟಾಬೇಸ್ (ಬುಕಿಂಗ್ ವಿವರ ಇಡುವ ಜಾಗ) ಜೊತೆ ಮಾತಾಡಲು ತೆರೆಯುವ ದಾರಿ; ಒಂದೇ ಹೊತ್ತಿಗೆ ಅಂಥವು ಎಷ್ಟು ಇರಬಹುದು ಅನ್ನೋದೇ ಲಿಮಿಟ್. ಸಾಲು ರಜೆ ಬಂದರೆ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರುಗಳ ಸಾಲು. ಜನ ಜಾಸ್ತಿ ಆದರು, ಅದಕ್ಕೇ ಸೈಟ್ ತಡೆಯುತ್ತಿಲ್ಲ ಅಂತ ಅನಿಸುವುದು ಸಹಜ. ಆದರೆ ನಾನು ನೋಡಿದ ಹೆಚ್ಚಿನ ಕಡೆ ಕಾರಣ ಜನ ಅಲ್ಲವೇ ಅಲ್ಲ.

ಮೂಡಿಗೆರೆ ಕಡೆಯ ಒಂದು ಹೋಂಸ್ಟೇ ತಗೊಳ್ಳಿ. ಇರುವುದು ಆರು ರೂಮು. ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿದಾಗ ತಾನಾಗಿ ಸಿಗುವ ಮಿತಿ 151 ಕನೆಕ್ಷನ್. ಆರು ರೂಮಿಗೆ ಅದು ಸಾಲದೇ? ಶೋ ಪ್ರೊಸೆಸ್‌ಲಿಸ್ಟ್ ಅನ್ನುವ ಆಜ್ಞೆ ಕೊಟ್ಟರೆ ತೆರೆದಿರುವ ಕನೆಕ್ಷನ್‌ಗಳ ಪಟ್ಟಿ ಬರುತ್ತದೆ. ನೋಡಿದರೆ ಪಟ್ಟಿ ತುಂಬಾ ಸ್ಲೀಪ್, ಸ್ಲೀಪ್, ಸ್ಲೀಪ್. ಕೆಲವು ಗಂಟೆಗಟ್ಟಲೆ ಸುಮ್ನೆ ಕೂತಿದ್ದವು. ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಒಂದೋ ಎರಡೋ.

ಕೋಡ್ ತೆರೆದೆವು. ಮೇಲೆ ಕನೆಕ್ಷನ್ ತೆರೆಯುವ ಸಾಲು ಇದೆ, ಕೊನೆಯಲ್ಲಿ ಮುಚ್ಚುವ ಸಾಲೂ ಇದೆ. ನಡುವೆ ಇನ್ನೊಂದು ಸಾಲು: ಆ ತಾರೀಕಿಗೆ ರೂಮು ಇಲ್ಲದಿದ್ದರೆ 'ರೂಮು ಖಾಲಿ ಇಲ್ಲ' ಅಂತ ಹೇಳಿ ಅಲ್ಲಿಂದಲೇ ವಾಪಸ್. ಆಗ ಮುಚ್ಚುವ ಸಾಲಿನವರೆಗೆ ಪ್ರೋಗ್ರಾಂ ಹೋಗುವುದೇ ಇಲ್ಲ. ರೂಮು ಖಾಲಿ ಇದ್ದಾಗ ಏನೂ ತೊಂದರೆ ಇಲ್ಲ. ಎಲ್ಲ ತುಂಬಿದ ಮೇಲೆ ಯಾರು ಬಂದು ತಾರೀಕು ಹುಡುಕಿದರೂ ಒಂದೊಂದು ಕನೆಕ್ಷನ್ ಹಾಗೇ ಉಳಿಯುತ್ತದೆ. ರಜೆ ದಿನವೇ ಸೈಟ್ ನಿಲ್ಲುತ್ತಿದ್ದದ್ದು ಇದರಿಂದ. ಸುಮ್ಮನೆ ಕೂತ ಕನೆಕ್ಷನ್ನನ್ನು ಮೈಎಸ್‌ಕ್ಯೂಎಲ್ ತಾನಾಗಿ ಕತ್ತರಿಸುವುದು 28,800 ಸೆಕೆಂಡ್ ಆದ ಮೇಲೆ, ಅಂದರೆ 8 ಗಂಟೆ. ಹಾಗಾಗಿ ರಾತ್ರಿ ಕಳೆದರೆ ಬೆಳಿಗ್ಗೆ ಎಲ್ಲ ಸರಿ ಇರುತ್ತದೆ. "ತಾನಾಗೇ ಸರಿಹೋಯ್ತು ಸರ್" ಅಂತಾರೆ. ಮುಂದಿನ ರಜೆಗೆ ಮತ್ತೆ ಅದೇ ಕಥೆ.

ಬರೆದ ಹುಡುಗನನ್ನು ಬೈಯಬೇಡಿ ಅಂದೆ. ಹಾಸನದಲ್ಲಿ ಓದಿ ಬಂದ ಚುರುಕು ಹುಡುಗ. ಪಿಎಚ್‌ಪಿ ಅನ್ನುವ ವೆಬ್ ಭಾಷೆಯಲ್ಲಿ ಪುಟದ ಕೆಲಸ ಮುಗಿದರೆ ಸಾಮಾನ್ಯವಾಗಿ ಕನೆಕ್ಷನ್ ತಾನಾಗೇ ಮುಚ್ಚಿಕೊಳ್ಳುತ್ತದೆ. ಅದೇ ರೂಢಿಯಲ್ಲಿ ನೋಡ್‌ಗೆ (ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಬಂದಿದ್ದ. ಇಲ್ಲಿ ಪ್ರೋಗ್ರಾಂ ದಿನವಿಡೀ ಓಡುತ್ತಲೇ ಇರುತ್ತದೆ, ನಾವೇ ಮುಚ್ಚಬೇಕು. ಮುಚ್ಚುವ ಸಾಲನ್ನು ಫೈನಲಿ ಅನ್ನುವ ಭಾಗದ ಒಳಗೆ ಹಾಕಿದ. ಈಗ ರೂಮು ಇರಲಿ, ಇಲ್ಲದಿರಲಿ, ನಡುವೆ ಎರರ್ ಬರಲಿ, ಅದು ಓಡಿಯೇ ಓಡುತ್ತದೆ. ಆಮೇಲೆ 10 ಕನೆಕ್ಷನ್‌ಗಳ ಒಂದು ಪೂಲ್ ಕಟ್ಟಿದೆವು, ಅಂದರೆ ಅದೇ ಹತ್ತನ್ನು ಬೇಕಾದಾಗ ತಗೊಂಡು, ಕೆಲಸ ಮುಗಿದ ಮೇಲೆ ವಾಪಸ್ ಇಡುವುದು.

"ಹತ್ತೇ?" ಅಂತ ಮಾಲೀಕರ ಮುಖ ಬಾಡಿತು. ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಸೈಟ್ ನೋಡುತ್ತಿರುವ ಒಬ್ಬೊಬ್ಬರಿಗೂ ಒಂದೊಂದು ಕನೆಕ್ಷನ್ ಬೇಕಿಲ್ಲ. ಫೋಟೊ ನೋಡುತ್ತಾ ಕೂತವರಿಗೆ ಡೇಟಾಬೇಸ್ ಜೊತೆ ಆ ಹೊತ್ತಿನಲ್ಲಿ ಮಾತೇ ಇಲ್ಲ. ಒಂದು ಕ್ವೆರಿಗೆ, ಅಂದರೆ ಡೇಟಾಬೇಸಿಗೆ ಕೇಳುವ ಒಂದು ಪ್ರಶ್ನೆಗೆ, 20 ಮಿಲಿಸೆಕೆಂಡ್ ಹಿಡಿಯಿತು ಅಂತಿಟ್ಟುಕೊಳ್ಳಿ. ಒಂದು ಕನೆಕ್ಷನ್ ಸೆಕೆಂಡಿಗೆ 50 ಕ್ವೆರಿ ಮುಗಿಸುತ್ತದೆ. 10 ಕನೆಕ್ಷನ್ ಇದ್ದರೆ ಲೆಕ್ಕಕ್ಕೆ 500. ಆರು ರೂಮಿನ ಹೋಂಸ್ಟೇಗೆ ಇದು ಧಾರಾಳವಾಯಿತು, ಅಲ್ವಾ? ಒಂದೇ ಕಾವಲಿ ಇರುವ ಹೋಟೆಲಿನಲ್ಲಿ ಟೇಬಲ್ ಎಷ್ಟು ಹಾಕಿದರೂ ದೋಸೆ ಬೇಗ ಬರುವುದಿಲ್ಲ. ಸರ್ವರ್‌ನ ಕಾವಲಿ ಅಂದರೆ ಅದರ ಸಿಪಿಯು, ಡಿಸ್ಕ್, ಮೆಮೊರಿ.

ಮಿತಿ ಏರಿಸಿದರೆ ನಷ್ಟ ಏನು ಅಂತ ಕೇಳಬಹುದು. ಪ್ರತಿ ಕನೆಕ್ಷನ್ನೂ ಮೆಮೊರಿ ತಿನ್ನುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸಿನಲ್ಲಂತೂ ಒಂದೊಂದು ಕನೆಕ್ಷನ್ನಿಗೂ ಬೇರೆ ಪ್ರೊಸೆಸ್, ಅಂದರೆ ಬೇರೆಯಾಗಿ ಓಡುವ ಪ್ರೋಗ್ರಾಂ. 2 ಜಿಬಿ ಸರ್ವರ್‌ನಲ್ಲಿ ಮೆಮೊರಿ ಖಾಲಿಯಾದರೆ ಲಿನಕ್ಸ್ (ಸರ್ವರ್‌ನ ಆಪರೇಟಿಂಗ್ ಸಿಸ್ಟಂ) ದೊಡ್ಡದಾಗಿ ಕೂತ ಪ್ರೊಸೆಸ್ಸನ್ನೇ ಕೊಲ್ಲುತ್ತದೆ. ಸಾಮಾನ್ಯವಾಗಿ ಅದು ಡೇಟಾಬೇಸೇ. ಮೊದಲು ಹೊಸಬರಿಗಷ್ಟೇ ಬಾಗಿಲು ಮುಚ್ಚಿತ್ತು, ಈಗ ದುಡ್ಡು ಕಟ್ಟುತ್ತಿದ್ದವರೂ ಹೊರಗೆ.

ಎಲ್ಲ ಕಡೆಯೂ ಇದೇ ಕಾಯಿಲೆ ಅಂತ ನಾನು ಹೇಳಲ್ಲ. ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇಲ್ಲದ ಒಂದು ಕ್ವೆರಿ ನಿಮಿಷಗಟ್ಟಲೆ ಓಡಿದರೂ ಹಿಂದಿನವು ಸಾಲುಗಟ್ಟುತ್ತವೆ. ಸೈಟಿನ ಪ್ರೋಗ್ರಾಂ ಅನ್ನೇ ನಾಲ್ಕು ಪ್ರೊಸೆಸ್ ಆಗಿ ಓಡಿಸಿದರೆ ನಾಲ್ಕು ಪೂಲ್, ಅಂದರೆ 40 ಕನೆಕ್ಷನ್; ಆ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ನಿಜವಾಗಿಯೂ ಮಿತಿ ಏರಿಸಬೇಕಾದ ಜಾಗಗಳೂ ಇವೆ.

ಅದಕ್ಕೇ ಕೇಳುವುದು: ಸೈಟ್ ನಿಂತಾಗ ರೀಸ್ಟಾರ್ಟ್ ಒತ್ತಬೇಡಿ. ಒತ್ತಿದರೆ ಪಟ್ಟಿ ಅಳಿಸಿಹೋಗುತ್ತದೆ, ಕಾರಣವೂ ಹೋಗುತ್ತದೆ. ಮೊದಲು ಪ್ರೊಸೆಸ್‌ಲಿಸ್ಟ್‌ನ ಫೋಟೊ ತೆಗೆದು ಕಳಿಸಿ. ಮಿತಿ ಪೂರ್ತಿ ತುಂಬಿದ್ದರೂ ಅಡ್ಮಿನ್‌ಗೆ ಅಂತ ಮೈಎಸ್‌ಕ್ಯೂಎಲ್ ಒಂದು ಕನೆಕ್ಷನ್ ಹೆಚ್ಚಿಗೆ ಇಟ್ಟಿರುತ್ತದೆ. ಆದರೆ ನಿಮ್ಮ ಸೈಟೇ ರೂಟ್ (ಎಲ್ಲ ಅಧಿಕಾರ ಇರುವ ಅಡ್ಮಿನ್ ಖಾತೆ) ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದರೆ ಆ ಒಂದನ್ನೂ ಅದೇ ತಿಂದಿರುತ್ತದೆ. ಸೈಟಿಗೆ ಬೇರೆ ಯೂಸರ್ ಮಾಡಿಸಿ. ಈ ವಾರವೇ ಮಾಡಿಸಿ.